ಯಾರೂ ಮುಟ್ಟದ ನಾಣ್ಯ

ಬೆಂಗಳೂರಿನ ಕಲ್ಯಾಣಮಂಟಪವೊಂದರಲ್ಲಿ ನಡೆದ ಹಳೇ ನಾಣ್ಯಗಳ ಪ್ರದರ್ಶನಕ್ಕೆ ನಾವು ನಾಲ್ಕು ಜನ ಹೋಗಿದ್ದೆವು. ನಾಣ್ಯದ ಮೋಹ ನಮಗಿಲ್ಲ. ಕೂಡಿಡುವಷ್ಟು ಹೊತ್ತು ಯಾವ ನಾಣ್ಯವೂ ನಮ್ಮ ಜೇಬಿನಲ್ಲಿ ನಿಂತಿಲ್ಲ. ನಮ್ಮಲ್ಲೊಬ್ಬನ ಅಜ್ಜಿಗೆ ಕಣ್ಣಿನ ಆಪರೇಷನ್ ಆಗಬೇಕಿತ್ತು. ಅವಳ ಕೊರಳ ದಾರದಲ್ಲಿ ಒಂದು ಬೆಳ್ಳಿ ರೂಪಾಯಿ ಇತ್ತು, 1862 ಅಂತ ಒತ್ತಿರುವ ರಾಣಿ ಛಾಪಿನದು. 'ಹಳೇ ಬೆಳ್ಳಿಗೆ ಈಗ ಲಕ್ಷಗಟ್ಟಲೆ ಬತ್ತದಂತೆ, ಕೇಳ್ಕಂಡು ಬಾ ಮಗಾ' ಅಂತ ಬಿಚ್ಚಿ ಕೊಟ್ಟಿದ್ದಳು.

ಒಳಗೆ ಸಾಲುಸಾಲು ಮೇಜು. ಮೇಜಿನ ಮೇಲೆ ಗಾಜು. ಗಾಜಿನ ಮೇಲೆ ಚೀಟಿ: ಮುಟ್ಟಬೇಡಿ. ಈ ಮಾತನ್ನು ನಮಗೆ ಬರೆದು ತೋರಿಸುವ ತೊಂದರೆ ಯಾರೂ ತಗೋಬೇಕಾಗಿರಲಿಲ್ಲ. ಅಕ್ಷರ ಕಲಿಯೋದಕ್ಕೆ ಮುಂಚೇನೇ ಇದನ್ನು ಕಲಿತವರು ನಾವು.

ನಡುವಿನ ಮೇಜಿನಲ್ಲಿ ಒಂದು ದೊಡ್ಡ ಬೆಳ್ಳಿ ನಾಣ್ಯ ಮಖಮಲ್ಲಿನ ಮೇಲೆ ಮಲಗಿತ್ತು. ಒಂದು ಮೈಯಲ್ಲಿ ದೇವಸ್ಥಾನದ ಗೋಪುರ, ಸುತ್ತ ನಕ್ಷತ್ರ. ಇನ್ನೊಂದು ಮೈಯಲ್ಲಿ ತಾವರೆಯಿಂದ ಏಳುತ್ತಿರುವ ವಿಷ್ಣು. ಈಸ್ಟ್ ಇಂಡಿಯಾ ಕಂಪನಿಯ ಮದರಾಸು ಟಂಕಸಾಲೆ 1807-08ರ ಸುಮಾರಿಗೆ ಶುರುಮಾಡಿ ಕೆಲವು ವರ್ಷ ಹೊಡೆದ ಅರ್ಧ ವರಹ ಇದು. ತೂಕ ಸುಮಾರು 21 ಗ್ರಾಂ. ಗೋಪುರದ ಕಡೆ ಇಂಗ್ಲಿಷು ಮತ್ತು ಪಾರಸಿ, ವಿಷ್ಣುವಿನ ಕಡೆ ತಮಿಳು ಮತ್ತು ತೆಲುಗು. ಬಳ್ಳಾರಿಯೂ ದಕ್ಷಿಣ ಕನ್ನಡವೂ ಆಗ ಮದರಾಸಿನ ಕೈಕೆಳಗೇ ಇದ್ದವು, ಆದರೂ ಕನ್ನಡಕ್ಕೆ ಜಾಗ ಇಲ್ಲ. ಅದರ ಬಗ್ಗೆ ಅಳೋದು ಕನ್ನಡದ ಮಠಾಧೀಶರಿಗೆ ಬಿಟ್ಟದ್ದು. ನಾವು ಕೇಳಿದ್ದು ಬೆಲೆ. ಮೇಜಿನ ಯಜಮಾನರು ಹೇಳಿದ ಬೆಲೆಗೆ ನಮ್ಮೂರಲ್ಲಿ ಎರಡು ಜೊತೆ ಎತ್ತು ಬರುತ್ತವೆ. ಯಾಕೆ ಅಷ್ಟು ಅಂದೆವು. ಅವರು ಭಕ್ತಿಯಿಂದ ಅಂದರು: 'ಇದು ಅನ್‌ಸರ್ಕ್ಯುಲೇಟೆಡ್. ಚಲಾವಣೆಗೇ ಬಂದಿಲ್ಲ. ಇನ್ನೂರು ವರ್ಷದಿಂದ ಒಬ್ಬರ ಕೈಯೂ ಸೋಕಿಲ್ಲ.'

ಆಮೇಲೆ ಅಜ್ಜಿಯ ರೂಪಾಯಿ ತೆಗೆದು ತೋರಿಸಿದೆವು. ಅವರು ಕೈಗೆ ತಗೊಳ್ಳಲೇ ಇಲ್ಲ, ದೂರದಿಂದಲೇ ನೋಡಿದರು. 'ಮುಖ ಸವೆದಿದೆ. ತೂತು ಬೇರೆ ಹೊಡೆದಿದ್ದೀರಿ. ಇದು ಕಲೆಕ್ಷನ್‌ಗೆ ಬರಲ್ಲ. ಬೇಕಾದರೆ ತೂಕದ ಬೆಲೆ.'

ಗೆಳೆಯರೆ, ಈ ಲೇಖನ ಹುಟ್ಟಿದ್ದು ಆ ಎರಡು ಮಾತಿನ ನಡುವೆ. ಕೈ ಸೋಕದ ನಾಣ್ಯಕ್ಕೆ ಎರಡು ಜೊತೆ ಎತ್ತಿನ ಬೆಲೆ, ಕೈಯಿಂದ ಕೈಗೆ ಹೋಗಿ ಸವೆದ ನಾಣ್ಯಕ್ಕೆ ಲೋಹದ ಬೆಲೆ. ಇದು ನಾಣ್ಯಶಾಸ್ತ್ರದ ಹೊಸ ಕಂಡುಹಿಡಿಕೆ ಏನಲ್ಲ. ಈ ದೇಶ ಮನುಷ್ಯರಿಗೆ ಬೆಲೆ ಕಟ್ಟಿಕೊಂಡು ಬಂದಿರುವುದೂ ಹೀಗೆಯೇ. ದುಡಿಯದ ಕೈ, ಸವೆಯದ ಕೈ, ಇನ್ನೊಬ್ಬರನ್ನು ಮುಟ್ಟದ ಕೈ ಮೇಲು. ಸವೆದದ್ದೆಲ್ಲ ಕೀಳು.

ನಮಗೆ ಈ ವ್ಯಾಪಾರದ ಒಳಹೊಕ್ಕು ನೋಡಬೇಕು ಅನ್ನಿಸಿತು. 'ಭೂಮಿ ಹೋರಾಟ ಬಿಟ್ಟು ನಾಣ್ಯ ಹಿಡ್ಕೊಂಡು ಕೂತಿದೀರಲ್ಲ' ಅಂತ ಸಂಘಟನೆಯ ಗೆಳೆಯರು ರೇಗಿದರು. ರೇಗಲಿ. ಸ್ಕೂಲಿನಲ್ಲಿ ನಮಗೆ ಉರು ಹೊಡೆಸಿದ ಪಾಠ ಏನು? ಶಾಸನ, ನಾಣ್ಯ, ಸಾಹಿತ್ಯ, ಇವು ಇತಿಹಾಸದ ಆಧಾರಗಳು. ಶಾಸನ ಬರೆಸಿದವರು ನಾವಲ್ಲ, ಸಾಹಿತ್ಯ ಬರೆಯೋಕೆ ನಮ್ಮನ್ನು ಬಿಡಲಿಲ್ಲ. ನಾಣ್ಯದ ಮೇಲಾದರೂ ನಮ್ಮ ಬೆರಳ ಗುರುತು ಇರಬಹುದಲ್ಲ ಅಂತ ಹುಡುಕಿದರೆ, ಬೆರಳ ಗುರುತಿಲ್ಲದ ನಾಣ್ಯವೇ ಶ್ರೇಷ್ಠ ಅನ್ನುತ್ತಾರೆ.

ಮೊದಲು ಆ ಗೋಪುರದ ವಿಷಯ. ಪರದೇಶದ ಕಂಪನಿ ವಿಷ್ಣುವನ್ನು ಬೆಳ್ಳಿಯ ಮೇಲೆ ಯಾಕೆ ಒತ್ತಿತು? ಸಂಗ್ರಹಕಾರರ ಪುಸ್ತಕಗಳು ಇದನ್ನು 'ಸ್ಥಳೀಯ ಶ್ರದ್ಧೆಗೆ ತೋರಿದ ಗೌರವ' ಅನ್ನೋ ಧಾಟಿಯಲ್ಲಿ ಬರೆಯುತ್ತವೆ. ಗೌರವವೂ ಇಲ್ಲ ಮಣ್ಣೂ ಇಲ್ಲ. ದೇವರು ಇಲ್ಲಿ ವ್ಯಾಪಾರದ ಗುರುತು. ತಿರುಪತಿ ತಿಮ್ಮಪ್ಪನನ್ನು ಇಬ್ಬರು ಹೆಂಡಿರ ಸಮೇತ ಚಿನ್ನದ ಮೇಲೆ ನಿಲ್ಲಿಸಿ 'ಮೂರು ಸ್ವಾಮಿ ವರಹ' ಅಂತ ಇದೇ ಕಂಪನಿ ಅದಕ್ಕೂ ಹಿಂದೆ ಹೊಡೆದಿತ್ತು. ಕಂಪನಿಯೊಂದೇ ಅಲ್ಲ. 1763ರಲ್ಲಿ ಬಿದನೂರು ಗೆದ್ದ ಹೈದರಾಲಿ ಇಕ್ಕೇರಿ ವರಹದ ಶಿವಪಾರ್ವತಿಯರನ್ನು ಹಾಗೇ ಉಳಿಸಿಕೊಂಡ, ಹಿಂದಿನ ಮೈಗೆ ಮಾತ್ರ ತನ್ನ ಹೆಸರಿನ ಮೊದಲ ಅಕ್ಷರ ಒತ್ತಿದ. ಮಹಮ್ಮದ್ ಘೋರಿಯ ಚಿನ್ನದ ನಾಣ್ಯದಲ್ಲಿ ಲಕ್ಷ್ಮಿ ಪದ್ಮಾಸನ ಹಾಕಿ ಕೂತಿದ್ದಾಳೆ. ಊರೂರಲ್ಲಿ ಮಸೀದಿ ದೇವಸ್ಥಾನ ಅಂತ ಬೆಂಕಿ ಹಚ್ಚುವವರು ಇದನ್ನು ನೋಡಲಿ. ಆಳುವವನಿಗೆ ಬೇಕಾದದ್ದು ಜನ ನಂಬುವ ಮುದ್ರೆ. ಜನ ನಂಬಿದರೆ ನಾಣ್ಯ ಓಡುತ್ತೆ, ನಾಣ್ಯ ಓಡಿದರೆ ಕಂದಾಯ ಬರುತ್ತೆ. ಕಂದಾಯಕ್ಕೆ ಜಾತಿ ಧರ್ಮ ಯಾವುದೂ ಅಡ್ಡ ಬರಲಿಲ್ಲ. 1835ರಲ್ಲಿ ಕಂಪನಿಯ ಆಳ್ವಿಕೆಗೆಲ್ಲ ಒಂದೇ ರೂಪಾಯಿ ತಂದಾಗ ಅದರ ಮೇಲೆ ಹತ್ತಿದವನು ವಿಲಿಯಂ ದೊರೆ. ವಿಷ್ಣು ಎಲ್ಲಿ ಹೋದ ಅಂತ ಯಾರೂ ಕೇಳಲಿಲ್ಲ.

ಆ ಕಂದಾಯ ಎಂಥದು? ಬಳ್ಳಾರಿ ಸೀಮೆ 1800ರಲ್ಲಿ ನಿಜಾಮನ ಕೈಯಿಂದ ಕಂಪನಿ ಕೈಗೆ ಬಂತು. ಅಲ್ಲಿಗೆ ಬಂದ ಪ್ರಧಾನ ಕಲೆಕ್ಟರ್ ಥಾಮಸ್ ಮನ್ರೋ. ಇವತ್ತಿಗೂ ಆ ಕಡೆ ಅವನ ಹೆಸರನ್ನು ಮಕ್ಕಳಿಗೆ ಇಡುತ್ತಾರೆ ಅಂತ ನಮ್ಮ ಮೇಷ್ಟರು ಹೆಮ್ಮೆಯಿಂದ ಹೇಳುತ್ತಿದ್ದರು. ಅದೇ ಮನ್ರೋ 1807ರಲ್ಲಿ ಹೊರಡುವ ಮುಂಚೆ ಮೇಲಿನವರಿಗೆ ಬರೆದ ಲೆಕ್ಕದ ಪ್ರಕಾರ, ರೈತನ ಉತ್ಪತ್ತಿಯ ನೂರಕ್ಕೆ ಸುಮಾರು 45 ಪಾಲು ಸರಕಾರಕ್ಕೆ ಹೋಗುತ್ತಿತ್ತು. ಮೂರನೇ ಒಂದಕ್ಕೆ ಇಳಿಸಿ ಅಂತ ಅವನೇ ಹೇಳಿದ. ಮದರಾಸಿನವರು ಕಿವಿಗೆ ಹಾಕಿಕೊಳ್ಳದೆ ಊರೂರನ್ನೇ ಮೂರು ವರ್ಷದ ಗುತ್ತಿಗೆಗೆ ಕೊಟ್ಟರು. ಸರಿಯಾಗಿ ಆ ವರ್ಷಗಳಲ್ಲೇ ಗೋಪುರದ ಅರ್ಧ ವರಹ ಟಂಕಸಾಲೆಯಿಂದ ಹೊಳೆಯುತ್ತ ಹೊರಗೆ ಬಂದದ್ದು. ಅವತ್ತು ವಸೂಲಿಗೆ ಬಂದವನೂ ಕಲೆಕ್ಟರ್, ಇವತ್ತು ಮಖಮಲ್ಲಿನ ಮೇಲೆ ಮಲಗಿಸಿರುವವನೂ ಕಲೆಕ್ಟರ್. ಇಂಗ್ಲಿಷು ಒಮ್ಮೊಮ್ಮೆ ಸತ್ಯ ಹೇಳಿಬಿಡುತ್ತೆ.

ಇದರಲ್ಲಿ ನಮ್ಮವರು ಎಲ್ಲಿ? ಕಂದಾಯ ಕಟ್ಟಿದ ರೈತನಿಗೂ ಕೆಳಗೆ. ಕೇರಿಯ ಕೂಲಿ ಕಾಳಿನಲ್ಲಿ ಅಳೆಯುತ್ತಿದ್ದದ್ದು. ಅದೂ ಸುಗ್ಗಿಯಲ್ಲಿ. ವಿಷ್ಣುವಿನ ಬೆಳ್ಳಿ ನಮ್ಮ ಮುತ್ತಜ್ಜಂದಿರ ಕೈಗೆ ಬಂದದ್ದು ಅಪರೂಪ. ಅವರು ನಾಣ್ಯ ಎಣಿಸಲಿಲ್ಲ, ನಾಣ್ಯದಲ್ಲಿ ಎಣಿಸಿಕೊಂಡರು. 1800-01ರಲ್ಲಿ ಮೈಸೂರು, ಕನ್ನಡ ಜಿಲ್ಲೆ, ಮಲಬಾರು ಸುತ್ತಿದ ಬುಕಾನನ್ ಅನ್ನೋ ಕಂಪನಿಯ ವೈದ್ಯ ಕರಾವಳಿಯಲ್ಲಿ ನಮ್ಮವರನ್ನು ಆಳುಗಳಾಗಿ ಕೊಂಡು ಮಾರುತ್ತಿದ್ದುದನ್ನು ಬೆಲೆ ಸಮೇತ ಬರೆದಿಟ್ಟ. ಅಡಿಕೆ, ಮೆಣಸು, ಅಕ್ಕಿ, ಮನುಷ್ಯ. ಆ ಪುಸ್ತಕ ಲಂಡನ್ನಿನಲ್ಲಿ ಅಚ್ಚಾದದ್ದು 1807ರಲ್ಲಿ. ಇಂಥ ಗುಲಾಮಗಿರಿಗೆ ಕಾನೂನಿನ ಮಾನ್ಯತೆ ತಪ್ಪಿದ್ದು 1843ರಲ್ಲಿ. ಆ ಗಾಜಿನ ಕೆಳಗಿನ ಚೀಟಿಯಲ್ಲಿ ಗೋಪುರದ ಅಂತಸ್ತು ಬರೆದಿದ್ದಾರೆ, ತಾವರೆ ಬರೆದಿದ್ದಾರೆ, ಗ್ರಾಂ ಲೆಕ್ಕ ಬರೆದಿದ್ದಾರೆ. ಈ ನಾಣ್ಯ ಎಷ್ಟು ಕೂಡಿದರೆ ಒಬ್ಬ ಮನುಷ್ಯ ಬರುತ್ತಿದ್ದ ಅನ್ನೋದನ್ನು ಬರೆದಿಲ್ಲ.

ಮತ್ತೆ ಆ ಗೋಪುರ! ಇದೇ ಗೋಪುರ ಮ್ಲೇಚ್ಛರು ಅಂತ ಕರೆದವರ ಯಂತ್ರದ ಬಾಯಿಗೆ ಹೋಗಿ ಬಂತು, ಲೇವಾದೇವಿಯವನ ಚೀಲ ಸೇರಿತು, ಹೆಂಡದಂಗಡಿ ದಾಟಿತು. ಎಲ್ಲೂ ಅದಕ್ಕೆ ಮೈಲಿಗೆ ಆಗಲಿಲ್ಲ. ಕಲ್ಲಿನ ಗೋಪುರದ ಕೆಳಗೆ ನಮ್ಮವರು ಕಾಲಿಟ್ಟರೆ ಮಾತ್ರ ಆಗುತ್ತಿತ್ತು. ಮದರಾಸು ಪ್ರಾಂತ್ಯದಲ್ಲಿ ದೇವಸ್ಥಾನದ ಬಾಗಿಲ ಬಗ್ಗೆ 1939ರಲ್ಲೊಂದು ಅಳುಕಿನ ಕಾನೂನು ಬಂತು. ಎಲ್ಲ ಹಿಂದೂಗಳಿಗೂ ಪ್ರವೇಶದ ಹಕ್ಕು ಅಂತ ಬರೆಯೋಕೆ 1947 ಆಗಬೇಕಾಯಿತು. ಅರ್ಧ ವರಹ ಹೊಡೆದು ಸುಮಾರು 140 ವರ್ಷ. ಬಳ್ಳಾರಿ ಆಗಲೂ ಮದರಾಸಿನ ಜೊತೆಗೇ ಇತ್ತು. ಕಾನೂನಾದ ಮೇಲೂ ಯಾವ ಊರಲ್ಲಿ ಯಾರು ಎಲ್ಲಿ ನಿಲ್ಲುತ್ತಾರೆ ಅನ್ನೋದನ್ನು ಈ ಪತ್ರಿಕೆಯ ಓದುಗರಿಗೆ ನಾವು ಹೇಳಬೇಕಾಗಿಲ್ಲ.

ಬೆಳ್ಳಿ ಎಲ್ಲಿಂದ ಬಂತು ಅನ್ನೋದು ಇನ್ನೊಂದು ಕತೆ. ನಮ್ಮ ನೆಲದಲ್ಲಿ ಬೆಳ್ಳಿ ಅಗೆದದ್ದು ಕಮ್ಮಿ, ಹಡಗಿನಲ್ಲಿ ಬಂದದ್ದೇ ಜಾಸ್ತಿ. ಕಂಪನಿ ಕೆಲವು ಅರ್ಧ ವರಹಗಳನ್ನು ಸ್ಪೇನಿನ ಬೆಳ್ಳಿ ಡಾಲರಿನ ಮೇಲೇ ಒತ್ತಿತು. ಅಂಥವುಗಳಲ್ಲಿ ಗೋಪುರದ ಅಡಿಯಲ್ಲಿ ಹಳೇ ಮುದ್ರೆಯ ಗೆರೆಗಳು ಇನ್ನೂ ಇಣುಕುತ್ತವೆ. ಆ ಡಾಲರಿನ ಮೇಲೆ ಸ್ಪೇನಿನ ದೊರೆಯ ಮುಖ, ಸುತ್ತ ಲ್ಯಾಟಿನ್ನಿನಲ್ಲಿ 'ದೇವರ ಕೃಪೆಯಿಂದ'. ಅಂದರೆ ಅವರ ದೇವರ ಮೇಲೆ ನಮ್ಮೂರ ದೇವರ ಸವಾರಿ! ಇಬ್ಬರ ಅಡಿಯಲ್ಲೂ ಇದ್ದವರು ಯಾರು? ದಕ್ಷಿಣ ಅಮೆರಿಕದ ಪೊತೊಸಿ ಬೆಟ್ಟದ ಬೆಳ್ಳಿ ಗಣಿಗೆ 1573ರಲ್ಲಿ ತೊಲೇದೊ ಅನ್ನೋ ವೈಸ್‌ರಾಯ್ 'ಮಿತಾ' ಅನ್ನೋ ಪದ್ಧತಿ ತಂದ. ಊರೂರಿನಿಂದ ಪಾಳಿ ಮೇಲೆ ಮೂಲನಿವಾಸಿಗಳನ್ನು ಹಿಡಿದು ತಂದು ಬೆಟ್ಟದೊಳಗೆ ಇಳಿಸಿದರು. ನಮ್ಮ ಭಾಷೆಯಲ್ಲಿ ಅದಕ್ಕೆ ಬಿಟ್ಟಿ ಚಾಕರಿ ಅಂತಾರೆ. ಆ ಕೇರಿಯವರ ಮೈ ಸವೆದು ಬಂದ ಬೆಳ್ಳಿ ಈ ಕೇರಿಯವರ ಮೈ ಸವೆಸಿತು. ಅವರು ನಮಗೆ ನೆಂಟರು. ಅವರ ಭಾಷೆ ನಮಗೆ ಬರಲ್ಲ ಅಷ್ಟೆ.

ಬೆಳ್ಳಿಗೂ ನಮಗೂ ಇರುವ ಜಗಳ ಇನ್ನೂ ಹಳೇದು. ಚಂಡಾಲನ ಒಡವೆ ಕಬ್ಬಿಣದ್ದಾಗಿರಬೇಕು ಅಂತ ಮನು ವಿಧಿಸಿದ. ಶಕ್ತಿಯಿದ್ದರೂ ಶೂದ್ರ ಹಣ ಕೂಡಿಡಕೂಡದು ಅಂತಲೂ ಅವನೇ ಹೇಳಿದ. ಸಂಗ್ರಹ ಅನ್ನೋದು ಹವ್ಯಾಸ ಅಂತೀರಲ್ಲ ಸ್ವಾಮಿ, ನಮಗೆ ಅದು ಶಾಸ್ತ್ರೋಕ್ತ ಅಪರಾಧ ಆಗಿತ್ತು. ಮನು ಸತ್ತ ಅನ್ನುವವರಿಗೆ: 1928ರಲ್ಲಿ ಇಂದೂರಿನ ಕಡೆ ಬಲಾಯಿಗಳಿಗೆ ಮೇಲ್ಜಾತಿಯವರು ಹಾಕಿದ ಕಟ್ಟಳೆಗಳಲ್ಲಿ ಒಂದು, ನಿಮ್ಮ ಹೆಂಗಸರು ಚಿನ್ನ ಬೆಳ್ಳಿ ತೊಡಕೂಡದು. ಬಾಬಾಸಾಹೇಬರು 1936ರ ತಮ್ಮ 'ಜಾತಿ ವಿನಾಶ'ದ ಭಾಷಣದಲ್ಲಿ ಇದನ್ನು ದಾಖಲು ಮಾಡಿದ್ದಾರೆ. 1930ರಲ್ಲಿ ತಮಿಳುನಾಡಿನ ರಾಮನಾಡಿನಲ್ಲೂ ಇದೇ ಕಟ್ಟಳೆ.

ಈ ಹಿನ್ನೆಲೆಯಲ್ಲಿ ಅಜ್ಜಿಯ ರೂಪಾಯಿ ನೋಡಿ. ಅದು ಅವಳ ಅತ್ತೆಯದು. ಮದುವೆಯಲ್ಲಿ ಸೊಸೆಯ ಕೊರಳಿಗೆ ಕಟ್ಟೋಕೆ ಅಂತಲೇ ತೂತು ಹೊಡೆಸಿದ್ದು. ಲಂಬಾಣಿ ಹೆಣ್ಣುಮಕ್ಕಳ ಮೈಮೇಲೆ ಸಾಲಾಗಿ ಕೂತಿರುವ ನಾಣ್ಯಗಳಿಗೂ ಹೀಗೇ ಕೊಂಡಿ ಬೆಸೆದಿರುತ್ತೆ. ಬ್ಯಾಂಕು ನಮ್ಮನ್ನು ಒಳಗೆ ಬಿಡದ ಕಾಲದಲ್ಲಿ ಅದೇ ನಮ್ಮ ಬ್ಯಾಂಕು. ಆ ತೂತು ಹೊಡೆದದ್ದು ನಾಣ್ಯ ಕೆಡಿಸೋಕಲ್ಲ, ಸಾಹುಕಾರನ ಪೆಟ್ಟಿಗೆಗೆ ಹೋಗದ ಹಾಗೆ ಮೈಗೆ ಹೊಲಿದುಕೊಳ್ಳೋಕೆ. ಆದರೂ ಹೋಗಿತ್ತು. ಎರಡು ಬರಗಾಲ, ಒಂದು ಬಾಣಂತನ, ಒಂದು ಸಾವು, ನಾಲ್ಕು ಸಲ ಅಡ ಬಿದ್ದು ನಾಲ್ಕು ಸಲ ಬಿಡಿಸಿಕೊಂಡು ಬಂದದ್ದು ಅದು. ಅಡ ಇಡುವಾಗ ಜಗಲಿ ಮೇಲೆ ಇಟ್ಟು ದೂರ ನಿಲ್ಲಬೇಕಿತ್ತಂತೆ. ಸಾಹುಕಾರ ನೀರು ಚಿಮುಕಿಸಿ ಒಳಗೆ ತಗೋತಿದ್ದ. ಅರ್ಧ ಭೂಮಿ ಆಳಿದ ವಿಕ್ಟೋರಿಯಾ ರಾಣಿಗೆ ನಮ್ಮಜ್ಜಿಯ ಕೈಯಿಂದ ಮೈಲಿಗೆ, ಸಾಹುಕಾರನ ಚೊಂಬಿನಿಂದ ಪುಣ್ಯಾಹ! ಬಿಡಿಸಿಕೊಳ್ಳುವಾಗ ವಾಪಸ್ಸು ಎಸೀತಿದ್ದ, ಮಣ್ಣಿನಿಂದ ಹೆಕ್ಕಿಕೋಬೇಕಿತ್ತು.

ಇನ್ನೊಂದು ವಿಷಯ. ಸಂಗ್ರಹಕಾರರ ಭಾಷೆಯಲ್ಲಿ ಅಜ್ಜಿಯ ರೂಪಾಯಿಯ ಮೇಲೆ ಧಾರ್ಮಿಕ ಚಿತ್ರ ಇಲ್ಲ, ಬರೀ ರಾಣಿಯ ತಲೆ. ಅಜ್ಜಿಗೆ ಅದು ರಾಣಿ ಅಲ್ಲವೇ ಅಲ್ಲ. ವರ್ಷಕ್ಕೊಮ್ಮೆ ಮಾರಮ್ಮನ ಹಬ್ಬಕ್ಕೆ ಅದನ್ನು ಹುಣಸೇಹಣ್ಣಲ್ಲಿ ತಿಕ್ಕಿ ತೊಳೆದು ಅರಿಸಿನ ಹಚ್ಚಿ ಮಡಕೆಯ ಮುಂದೆ ಇಡುತ್ತಾಳೆ. ಅಷ್ಟು ವರ್ಷದ ಹುಣಸೇಹಣ್ಣಿಗೇ ಮೂಗು ಬಾಯಿ ಸವೆದು ರಾಣಿ ಮಾರಮ್ಮನ ಹಾಗೇ ಆಗಿದ್ದಾಳೆ. ಕಂಪನಿ ದೇವರನ್ನು ತಗೊಂಡು ದುಡ್ಡು ಮಾಡಿತು, ನಮ್ಮಜ್ಜಿ ದುಡ್ಡನ್ನು ತಗೊಂಡು ದೇವರು ಮಾಡಿದಳು. ನಾವು ದೇವರನ್ನು ನಂಬುವವರಲ್ಲ. ಅಜ್ಜಿಯ ಮುಂದೆ ಅದನ್ನು ಹೇಳುವ ಧೈರ್ಯ ಮಾತ್ರ ಇನ್ನೂ ಬಂದಿಲ್ಲ.

ದೇವರ ವಿಷಯದಲ್ಲಿ ಸರಕಾರಗಳಿಗೆ ಎಷ್ಟು ನಾಜೂಕು ನೋಡಿ. 1911ರಲ್ಲಿ ಐದನೇ ಜಾರ್ಜ್ ದೊರೆಯ ರೂಪಾಯಿ ಬಂತು. ಅವನ ನಿಲುವಂಗಿಯ ಮೇಲಿದ್ದ ಪುಟ್ಟ ಆನೆ ಹಂದಿಯ ಹಾಗೆ ಕಾಣುತ್ತೆ ಅಂತ ಮುಸ್ಲಿಮರು ಆಕ್ಷೇಪಿಸಿದರು. ಸರಕಾರ ಆ ನಾಣ್ಯ ನಿಲ್ಲಿಸಿ, ಕೈಲಿದ್ದುದನ್ನು ಕರಗಿಸಿ, ಆನೆಯ ಸೊಂಡಿಲು ತಿದ್ದಿ ಮತ್ತೆ ಹೊಡೆಸಿತು. ಮನಸ್ಸು ನೋಯಬಾರದು, ಸರಿ. ಹೊಟ್ಟೆ ನೊಂದದ್ದಕ್ಕೆ ಯಾವ ಸರಕಾರವೂ ಒಂದು ರೂಪಾಯಿಯನ್ನೂ ಕರಗಿಸಿದ್ದು ನಮಗೆ ಗೊತ್ತಿಲ್ಲ. ತಪ್ಪಿಸಿಕೊಂಡು ಉಳಿದ ಆ 'ಹಂದಿ ರೂಪಾಯಿ'ಗೆ ಈಗ ಸಂಗ್ರಹಕಾರರಲ್ಲಿ ಕಿತ್ತಾಟ.

ನಮ್ಮವರಿಗೂ ಒಂದು ಮಾತು. 'ಕನಿಷ್ಕನ ನಾಣ್ಯದ ಮೇಲೆ ನಮ್ಮ ಬುದ್ಧ ಇದ್ದಾನೆ' ಅಂತ ಈಚೆಗೆ ಎದೆ ಉಬ್ಬಿಸುವವರು ನಮ್ಮಲ್ಲೂ ಇದ್ದಾರೆ. ಇದ್ದಾನೆ, ಚಿನ್ನದ ಮೇಲೂ ತಾಮ್ರದ ಮೇಲೂ. ಅದೇ ಕನಿಷ್ಕ ಗ್ರೀಕರ, ಇರಾನಿನ ದೇವತೆಗಳನ್ನೂ ಶಿವನನ್ನೂ ಒತ್ತಿಸಿದ. ರಾಜನ ಅಂಗಡಿಯಲ್ಲಿ ಎಲ್ಲ ದೇವರೂ ಸರಕು. ಬುದ್ಧ ಭಿಕ್ಷುಗಳಿಗೆ ಚಿನ್ನ ಬೆಳ್ಳಿ ಮುಟ್ಟಬೇಡಿ ಅಂದವನು. ಅವನು ಹೋದ ನೂರು ವರ್ಷಕ್ಕೆ ವೈಶಾಲಿಯ ಭಿಕ್ಷುಗಳು ಕಂಚಿನ ಬಟ್ಟಲಲ್ಲಿ ನೀರು ತುಂಬಿಟ್ಟು ಅದರೊಳಗೆ ಕಾಸು ಹಾಕಿಸಿಕೊಂಡರೆಂದೂ, ಯಶ ಅನ್ನೋ ಭಿಕ್ಷು ಎದ್ದು ನಿಂತು ಜಗಳ ತೆಗೆದನೆಂದೂ ಬೌದ್ಧ ಗ್ರಂಥಗಳು ಹೇಳುತ್ತವೆ. ನಾಣ್ಯದ ಮೇಲಿನ ಬುದ್ಧನಿಗಿಂತ ಆ ಜಗಳಗಂಟ ಯಶ ನಮಗೆ ಹತ್ತಿರದವನು.

ಬಾಬಾಸಾಹೇಬರು ನಾಣ್ಯ ಓದಿದ ರೀತಿ ಬೇರೆ. 1923ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ರೂಪಾಯಿಯ ಸಮಸ್ಯೆಯ ಪುಸ್ತಕದಲ್ಲಿ ಅವರು ಕೇಳಿದ್ದು ಅದರ ಮೇಲೆ ಯಾರ ತಲೆ ಇದೆ ಅಂತಲ್ಲ, ಅದಕ್ಕೆ ಎಷ್ಟು ಕೊಳ್ಳುವ ಶಕ್ತಿ ಇದೆ ಅಂತ. ರೂಪಾಯಿ ಬೆಲೆ ಇಳಿದರೆ ವ್ಯಾಪಾರಕ್ಕೆ ಲಾಭ ಅಂತ ಸೇಠುಗಳು ಕುಣಿದಾಗ, ಬೆಲೆ ಏರಿದ ಹಾಗೆ ಕೂಲಿ ಏರಲ್ಲ, ನಿಮ್ಮ ಲಾಭ ಕೂಲಿಯವನ ನಷ್ಟದಿಂದ ಬಂದದ್ದು ಅಂತ ತೋರಿಸಿದರು. ಗಾಜಿನ ಮೇಲೆ ಬಗ್ಗಿ ಭೂತಗನ್ನಡಿ ಹಿಡಿದವರಲ್ಲಿ ಎಷ್ಟು ಜನ ಆ ಪುಸ್ತಕ ತೆರೆದಿದ್ದಾರೋ.

ಅಂಥ ಅಂಬೇಡ್ಕರರನ್ನೂ ಬಿಡಲಿಲ್ಲ. 1990ರ ಒಂದು ರೂಪಾಯಿಯ ಮೇಲೆ ಅವರ ಮುಖ ಬಂದಾಗ ಅದು ಓಡಾಡುವ ನಾಣ್ಯ, ಟೀ ಅಂಗಡಿಗೂ ಬಸ್ಸಿಗೂ ಬಂತು. ನಮ್ಮವರು ಎಷ್ಟೋ ಜನ ಖರ್ಚು ಮಾಡೋಕೆ ಮನಸ್ಸು ಬಾರದೆ ಡಬ್ಬಿಯಲ್ಲಿ ಇಟ್ಟರು. 2015ರಲ್ಲಿ ಅವರ 125ನೇ ಜಯಂತಿಗೆ ಹತ್ತು ರೂಪಾಯಿಯದೊಂದು, 125 ರೂಪಾಯಿಯದೊಂದು ಬಂದವು. 125ರದು ಬೆಳ್ಳಿ ಬೆರೆಸಿದ್ದು, ಚಲಾವಣೆಗಲ್ಲ, ಪೆಟ್ಟಿಗೆಯಲ್ಲಿಟ್ಟು ಕೊಡುವಂಥದು. ಮಹಾಡದ ಕೆರೆಯ ನೀರು ಮುಟ್ಟಿ ಮುಟ್ಟಿಸಿದ ಮನುಷ್ಯ ಯಾರೂ ಮುಟ್ಟಬಾರದ ಬೆಳ್ಳಿಯೊಳಗೆ ಕೂತಿದ್ದಾರೆ!

ಹಳ್ಳಿ ಮೇಷ್ಟರುಗಳಿಗೆ ಒಂದು ತುರ್ತಿನ ಮಾತು. ರಾಮ, ಸೀತೆ, ಹನುಮಂತನ ಚಿತ್ರ ಹಾಕಿ, ಈಸ್ಟ್ ಇಂಡಿಯಾ ಕಂಪನಿ 1818 ಅಂತ ಒತ್ತಿ, ಅರ್ಧ ಆಣೆ ಅಂತ ಬರೆದ ಬಿಲ್ಲೆಗಳು ಸಂತೆಗಳಲ್ಲಿ ಓಡಾಡುತ್ತಿವೆ. ಕಂಪನಿ ಅಂಥ ನಾಣ್ಯ ಹೊಡೆದೇ ಇಲ್ಲ, ಅವು ಈಚೆಗೆ ಎರಕ ಹೊಯ್ದವು. ಅದಕ್ಕೆ ದೈವಶಕ್ತಿ ಇದೆ, ಅಕ್ಕಿ ಎಳೆಯುತ್ತೆ, ಕೋಟಿ ಕೊಡೋರು ಇದ್ದಾರೆ ಅಂತ ನಂಬಿಸಿ ಮುಂಗಡ ಕಿತ್ತುಕೊಳ್ಳುವ ದಂಧೆ ಇದೆ. ಹಳೇ ನಾಣ್ಯ ಕೊಳ್ಳುತ್ತೇವೆ, ಮೊದಲು ಫೀಸು ಕಟ್ಟಿ ಅಂತ ತನ್ನ ಹೆಸರಲ್ಲಿ ಕೇಳುವವರನ್ನು ನಂಬಬೇಡಿ ಅಂತ ರಿಸರ್ವ್ ಬ್ಯಾಂಕೇ 2021ರಲ್ಲಿ ಎಚ್ಚರಿಸಿದೆ. ಇನ್ನು ನೆಲ ಅಗೆಯುವಾಗ ಕುಡಿಕೆ ಸಿಕ್ಕರೆ? ಅಗೆಯೋದು ನಮ್ಮವರೇ ತಾನೆ. 1878ರ ನಿಧಿ ಕಾನೂನಿನಲ್ಲಿ, ವಾರಸುದಾರ ಬರದಿದ್ದರೆ ಸಿಕ್ಕವನಿಗೆ ನಾಲ್ಕರಲ್ಲಿ ಮೂರು ಪಾಲು, ನೆಲದ ಒಡೆಯನಿಗೆ ಒಂದು ಪಾಲು ಅಂತ ಬ್ರಿಟಿಷರೇ ಬರೆದಿದ್ದರು. ನಮ್ಮ ರಾಜ್ಯಕ್ಕೆ 1962ರದ್ದು ಬೇರೆ ಕಾನೂನಿದೆ. ಅದನ್ನು ತರಿಸಿಕೊಂಡು ಓದಿ, ಕೂಲಿಯವರಿಗೆ ಬಾಯಲ್ಲಿ ಹೇಳಿ. ಗೊತ್ತಿಲ್ಲದಿದ್ದರೆ ಅಗೆದವನಿಗೆ ಸ್ಟೇಷನ್ನು, ಗೌಡನಿಗೆ ಕುಡಿಕೆ, ಬೆಂಗಳೂರಿನ ಗಾಜಿಗೆ ದೇವರು.

ಅಜ್ಜಿಯ ಕಣ್ಣಿನ ಆಪರೇಷನ್ನು ಒಂದು ಉಚಿತ ಶಿಬಿರದಲ್ಲಿ ಆಯಿತು. ಪಟ್ಟಿ ಬಿಚ್ಚಿದ ದಿನ ರೂಪಾಯಿ ವಾಪಸ್ಸು ಕೊಟ್ಟೆವು. ಬೆಲೆ ಎಷ್ಟಂದರು ಅಂತ ಕೇಳಿದಳು. ತೂಕದ ಬೆಲೆ ಅಂದ್ವಿ. ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿ, 'ಇದರಾಗೆ ಒಂದು ಮೊಕ ಅದೆ ಅಲ್ವಾ, ನಂಗೆ ಗೊತ್ತೇ ಇರಲಿಲ್ಲ' ಅಂದಳು.

ಓದುಗರಲ್ಲಿ ಕೇಳುವುದಿಷ್ಟು. ನಿಮ್ಮ ಕೇರಿ, ಹಟ್ಟಿ, ತಾಂಡಾಗಳಲ್ಲಿ ಅಜ್ಜಿಯರ ಹತ್ತಿರ ಇಂಥ ನಾಣ್ಯ ಇದ್ದರೆ ಕೂತು ಕೇಳಿ: ಯಾರು ಕೊಟ್ಟದ್ದು, ಯಾವ ವರ್ಷ ಅಡ ಬಿತ್ತು, ಎಷ್ಟಕ್ಕೆ, ಬಿಡಿಸಿಕೊಳ್ಳೋಕೆ ಎಷ್ಟು ದಿನದ ಕೂಲಿ ಹೋಯಿತು, ಕೈಗೆ ಕೊಟ್ಟರೋ ನೆಲಕ್ಕೆ ಎಸೆದರೋ. ತೂತು ಎಲ್ಲಿದೆ ಅನ್ನೋದನ್ನೂ ಬರೆಯಿರಿ. ಹಾಳೆಯ ಒಂದೇ ಮಗ್ಗುಲಲ್ಲಿ ಬರೆದು ಪತ್ರಿಕೆಗೆ ಕಳಿಸಿ. ನಾಣ್ಯ ಕಳಿಸಬೇಡಿ.